ಹುಮನಾಬಾದಿನ ಸೀರೆ

"ಸಂತ್ಯಾಗ ಕಂಬಳಿ ಮಾರಾಕ ಹೋದ ನಮ್ಮಪ್ಪ, ಬರುವಾಗ ಕಂಬಳಿಯೊಳಗ ಈಕಿನ್ನ ಸುತ್ತಿಕೊಂಡು ಬಂದಾ. ಯಾವ ಹಾದ್ಯಾಗ ಬಿದ್ದಿದ್ಲೋ ಯಾರಿಗೆ ಗೊತ್ತು? ಇಂಥಾಕಿಗೆ ತವರಂತ, ತವರ ಸೀರಿಯಂತ! ಮತ್ತ ಅದನ್ನ ತರಾಂವ ಯಾರು? ಸಾಲ್ಯಾಗ ಆರನೇತ್ತ ದಾಟಲಾರದ ಈ ಪಂಚರ್ ಪಂಡರಿ!"

ಮಾಳಪ್ಪ ಇಷ್ಟನ್ನೂ ಮಲತಾಯಿಯ ಹೆಣದ ಮುಂದೆ ನಿಂತುಕೊಂಡೇ ಹೇಳಿದ. ಬಸವಕಲ್ಯಾಣದ ಆ ಓಣಿಗೆ ಓಣಿಯೇ ಅಂಗಳದಲ್ಲಿ ನೆರೆದಿತ್ತು. ಕಂಬಳಿ ಹೊದ್ದು ಕುಳಿತಿದ್ದ ಮುದುಕರು ತಲೆ ತಗ್ಗಿಸಿದರು. ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕು, ಸತ್ತ ಮನೆಯಲ್ಲಿ ನಕ್ಕೆವಲ್ಲ ಎಂದು ತಾವೇ ಹೆದರಿ ಕೆಮ್ಮಿದರು. ಗೋಡೆಗೆ ಒರಗಿಸಿ ಕೂರಿಸಿದ್ದ ಜಿಜಾಬಾಯಿಯ ಹಣೆಯ ತುಂಬ ಭಂಡಾರದ ಅರಿಷಿಣವಿತ್ತು. ಗದ್ದಕ್ಕೆ ಕಟ್ಟಿದ ಬಿಳಿ ಅರಿವೆ ಆಕೆಯ ಬಾಯಿಯನ್ನು ಭದ್ರವಾಗಿ ಮುಚ್ಚಿತ್ತು.

"ನಾಲಗಿ ಸಂಭಾಳಿಸು ದೊಡ್ಡಪ್ಪಾ! ಇಲ್ಲಂದ್ರ ಇಲ್ಲೇ ಹೂಳ್ತೀನಿ ನಿನ್ನ!"

ಪಂಡರಿ ಹಾರಿ ಬಿದ್ದ. ನಾಲ್ಕು ಜನ ಹಿಡಿದುಕೊಂಡರು. ಪಂಡರಿಯ ಸಿಟ್ಟು ಓಣಿಗೆ ಹೊಸದಲ್ಲ. ಹೆತ್ತವಳು ಬಾಣಂತನದಲ್ಲೇ ಹೋದಳು, ಅಪ್ಪ ಸೊಲ್ಲಾಪುರದ ಗಿರಣಿಗೆಂದು ಹೋದವನು ತಿರುಗಿ ಬರಲಿಲ್ಲ. ಸಾಲಿಯಲ್ಲಿ ಮಾಸ್ತರು "ಅಪ್ಪ ಎಲ್ಲಿ ಓಡಿಹೋದಾನೋ?" ಎಂದು ಎಲ್ಲರೆದುರು ಕೇಳಿದ ದಿನ ಪಾಟಿಯನ್ನು ಬಾಗಿಲಿಗೆ ಬೀಸಿ ಒಡೆದು ಹೊರಬಿದ್ದವನು ಮತ್ತೆ ಆ ಕಡೆ ಮುಖ ಹಾಕಿರಲಿಲ್ಲ. ಈಗ ಇಪ್ಪತ್ತೆರಡು ವರ್ಷ. ಸಸ್ತಾಪುರ ಬಂಗ್ಲಾದ ಹತ್ತಿರ ಲಾರಿಗಳ ಚಕ್ರ ಬಿಚ್ಚಿ ಪಂಚರ್ ಹಾಕುವ ಕೆಲಸ. ಯಾರೇ ಒಂದು ಮಾತಾಡಲಿ, ಎರಡು ಮಾತು ತಿರುಗಿಸಿ ಒಗೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಹಿರಿಯ ರೇವಣಪ್ಪ ಕೋಲು ನೆಲಕ್ಕೆ ಕುಟ್ಟಿದ. "ಸುಮ್ಮನ ಕುಂದರ್ರಿ ಇಬ್ಬರೂ. ಆಕಿ ಇನ್ನಾ ಮನ್ಯಾಗ ಅದಾಳ."

ಮಾತು ಬಂದದ್ದು ಮಣ್ಣಿನ ಜಾಗದ ಮೇಲೆ. ಮಾಳಪ್ಪನ ಅಪ್ಪ ದೇವಿಂದ್ರಪ್ಪನ ಮನೆತನದವರನ್ನು ಅವರ ಹೊಲದ ಬದುವಿಗೇ ಸಾಲಾಗಿ ಹೂಳುತ್ತ ಬಂದಿದ್ದರು. ಅಲ್ಲಿ ದೇವಿಂದ್ರಪ್ಪ ಇದ್ದ, ಅವನ ಎಡಕ್ಕೆ ಅವನ ಮೊದಲ ಹೆಂಡತಿ, ಅಂದರೆ ಮಾಳಪ್ಪನನ್ನು ಹೆತ್ತ ತಾಯಿ. ಬಲಕ್ಕೆ ಜಾಗ ಖಾಲಿ ಇತ್ತು. ಜಿಜಾಬಾಯಿ ಉಡಕಿಯಾಗಿ ಬಂದವಳು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಂಡದ್ದು. ಉಡಕಿಯವಳಿಗೂ ಸಾಲಿನಲ್ಲಿ ಜಾಗ ಉಂಟು, ಆದರೆ ತವರಿನಿಂದ ಕಡೆಯ ಸೀರೆ ಬರಬೇಕು. ಅದನ್ನು ಕೊಟ್ಟವರ ಹೆಸರು ಕೂಗಿ, ಹೆಣದ ಮೇಲೆ ಹೊದಿಸಬೇಕು. ನಮ್ಮ ಮನೆಯ ಹೆಣ್ಣುಮಗಳು, ಇವಳನ್ನು ನಿಮಗೆ ಕೊಟ್ಟಿದ್ದೆವು ಎಂದು ತವರು ಕಡೆಯ ಸಲ ಒಪ್ಪಿಕೊಳ್ಳುವ ರೀತಿ ಅದು. ಸೀರೆ ಬಾರದಿದ್ದರೆ ಆಕೆ ಯಾರೂ ಕೊಡದೆ ಬಂದವಳು. ಅಂಥವಳ ಮಣ್ಣು ಹಳ್ಳದ ದಂಡೆಗೆ.

"ನಮ್ಮವ್ವನ ಸರೀಕ ನಾ ಈಕಿನ್ನ ಮಲಗಸಂಗಿಲ್ಲ," ಎಂದ ಮಾಳಪ್ಪ. ಅವನ ದನಿ ಒಡೆದಿತ್ತು. "ಮೂವತ್ತು ವರ್ಷ ಆತು. ಒಂದ ನರಪಿಳ್ಳಿ ಬಂದಿಲ್ಲ ಈಕಿ ತವರಿಂದ. ನಮ್ಮಪ್ಪನ ಮಣ್ಣಿಗೂ ಬರಲಿಲ್ಲ. ಮನಿ ಎಲ್ಲದ ಅಂತ ಯಾರಿಗರ ಗೊತ್ತದೇನು? ಹೇಳ್ರಿ!"

ಯಾರಿಗೂ ಗೊತ್ತಿರಲಿಲ್ಲ.

"ನಂಗ ಗೊತ್ತದ," ಎಂದ ಪಂಡರಿ. "ಹುಮನಾಬಾದದಾಗ. ಬೇವಿನ ಗಿಡದ ಮುಂದಿನ ಮನಿ. ಅಣ್ಣ ಸಿದ್ರಾಮ, ಕಂಬಳಿ ಉಣ್ಣಿ ವ್ಯಾಪಾರ. ನಾ ತರ್ತೀನಿ ಸೀರಿ."

ರೇವಣಪ್ಪ ಮುಗಿಲು ನೋಡಿದ. ಆಷಾಢದ ಕಡೆಯ ದಿನಗಳು, ಜಿಟಿಜಿಟಿ ಹನಿ. "ಕಿಲ್ಲೆ ಹಿಂದ ಹೊತ್ತು ಮುಣುಗೂದ್ರೊಳಗ ಬಂದಿ ಅಂದ್ರ ನೀ ಹೇಳಿದ್ದ ಖರೇ. ಇಲ್ಲಂದ್ರ ಮಾಳಪ್ಪ ಹೇಳಿದ್ದ ಖರೇ."

ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ. ಹನಿ ಮುಖಕ್ಕೆ ಹೊಡೆಯುತ್ತಿತ್ತು. ಪಂಡರಿ ಒರೆಸಿಕೊಳ್ಳಲಿಲ್ಲ. ಒಳಗೇ ದೊಡ್ಡಪ್ಪನ ಜೊತೆ ಜಗಳ ನಡೆದಿತ್ತು. ಆಗ ಹೊಳೆಯದ ಬೈಗುಳಗಳೆಲ್ಲ ಈಗ ಸಾಲುಗಟ್ಟಿ ಬರುತ್ತಿದ್ದವು. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿಗೆ ಹತ್ತಿದ ಮೇಲೆ ಸಿಟ್ಟು ಸ್ವಲ್ಪ ಇಳಿದು, ಅದರ ಜಾಗದಲ್ಲಿ ಆಯಿ, ಅವನನ್ನು ಸಾಕಿದ ಅಜ್ಜಿ ಜಿಜಾಬಾಯಿ, ಬಂದು ಕುಳಿತಳು.

ಆಯಿ ಊರಿಗೆ ಬಂದದ್ದು ಐವತ್ತಾರರ ದೀಪಾವಳಿಯ ಹೊತ್ತಿಗೆ. ಅದನ್ನು ಆಕೆಯೇ ಎಷ್ಟೋ ಸಲ ಹೇಳಿದ್ದಳು. ಕಲ್ಯಾಣಿ ಅನ್ನುತ್ತಿದ್ದ ಊರನ್ನು ಜನ ಆಗ ಬಸವಕಲ್ಯಾಣ ಅನ್ನಲು ಕಲಿಯುತ್ತಿದ್ದರಂತೆ. "ಊರಿಗೂ ಹೊಸ ಹೆಸರು, ನನಗೂ ಹೊಸ ಹೆಸರು. ಇಬ್ಬರೂ ಕರದ್ರ ಲಗೂ ಓ ಅಂತಿದ್ದಿಲ್ಲ," ಎಂದು ನಗುತ್ತಿದ್ದಳು. ಜಿಜಾಬಾಯಿ ಎಂಬುದು ದೇವಿಂದ್ರಪ್ಪನ ಮನೆಯಲ್ಲಿ ಇಟ್ಟ ಹೆಸರು. ಮೊದಲಿನದು ಏನೆಂದು ಪಂಡರಿ ಕೇಳಿದ್ದಕ್ಕೆ "ಅದು ಹಳೇದಾತು, ಬಿಡು" ಅಂದಿದ್ದಳು.

ಬಂದಾಗ ಮಾಳಪ್ಪನಿಗೆ ಹದಿನಾರು, ಪಂಡರಿಯ ಅಪ್ಪನಿಗೆ ಹದಿಮೂರು. ಚಿಕ್ಕವನು ವರ್ಷದೊಳಗೆ ಅವ್ವಾ ಅಂದ. ಮಾಳಪ್ಪ ಅನ್ನಲಿಲ್ಲ. ಅವನಿಗೆ ಆಕೆ ಮೊದಲ ದಿನದಿಂದ ಕಡೆಯ ದಿನದವರೆಗೂ 'ಹುಮನಾಬಾದದಾಕಿ'. ಊಟಕ್ಕೆ ಬಡಿಸಿದರೆ ಉಣ್ಣುತ್ತಿದ್ದ, ಕರೆಯುತ್ತಿರಲಿಲ್ಲ. ನೀರು ಬೇಕಾದರೆ ತಂಬಿಗೆಯನ್ನು ನೆಲಕ್ಕೆ ಕುಟ್ಟುತ್ತಿದ್ದ. ಮೂವತ್ತು ವರ್ಷ ಆಕೆ ಆ ತಂಬಿಗೆಯ ಸಪ್ಪಳಕ್ಕೆ ಎದ್ದು ಬಂದಳು.

ಹಗಲೆಲ್ಲ ಉಣ್ಣೆ ನೂಲುವುದು, ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುವುದು. ಆಕೆಯ ಕೈಗೆ ಸದಾ ಆ ಗಂಜಿಯ ಹುಳಿ ವಾಸನೆ. ಹಾಲಿಲ್ಲದ ಕೂಸಾಗಿದ್ದ ಪಂಡರಿಯನ್ನು ಆಡಿನ ಕೆಳಗೆ ಹಿಡಿದು ನೇರ ಮೊಲೆಗೇ ಬಾಯಿ ಹಚ್ಚಿಸಿ ಬೆಳೆಸಿದ್ದು ಅದೇ ಕೈ. ಓಣಿಯ ಮದುವೆಗಳಲ್ಲಿ ಉಡಕಿಯವಳೆಂದು ಆಕೆಯನ್ನು ಹಂದರದ ಹೊರಗೆ ಒಲೆಯ ಹತ್ತಿರ ಕೂರಿಸುತ್ತಿದ್ದರು. ಇಡೀ ಊಟದ ರೊಟ್ಟಿ ಬಡಿದು, ಅಕ್ಷತೆ ಬೀಳುವಾಗ ಒಳಗೆ ಇಣುಕದೆ, ಸಂಜೆಗೆ ಸೆರಗಿನಲ್ಲಿ ಒಂದು ಬುಂದಿಯ ಉಂಡೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು. ಅದನ್ನೂ ಪಂಡರಿಯೇ ತಿನ್ನುತ್ತಿದ್ದ.

ಆಕೆಗೆ ಅಂತ ಇದ್ದದ್ದು ವರ್ಷಕ್ಕೊಂದು ಪಂಚಮಿ. ಎಲ್ಲ ಹೆಣ್ಣುಮಕ್ಕಳಿಗೆ ಅಣ್ಣ ತಮ್ಮಂದಿರು ಕರೆಯಲು ಬರುವ ಹಬ್ಬ. ಆಯಿಯ ಅಣ್ಣನಿಗೆ ಕಾಲುನೋವು. ಆದ್ದರಿಂದ ಆಕೆಯೇ ಗಂಟು ಕಟ್ಟಿಕೊಂಡು ಹಿಂದಿನ ದಿನ ಬಸ್ಸು ಹತ್ತುತ್ತಿದ್ದಳು. ಮೂವತ್ತು ವರ್ಷ ಅಣ್ಣನ ಕಾಲು ನೋಯುತ್ತಲೇ ಇತ್ತು. "ನನ್ನೂ ಕರಕೊಂಡು ಹೋಗ ಆಯಿ" ಎಂದು ಪಂಡರಿ ಸೆರಗು ಹಿಡಿದರೆ, "ತವರಿಗೆ ಹೆಣಮಗಳು ಒಬ್ಬಾಕೇ ಹೋಗಬೇಕಪಾ, ಅಂದ್ರನೇ ಅಣ್ಣಗ ತಂಗಿ ಸಣ್ಣಾಕಿ ಕಾಣ್ತಾಳ" ಅನ್ನುತ್ತಿದ್ದಳು. ಮೂರನೆಯ ದಿನ ಹೊಸ ಸೀರೆ ಹೆಗಲ ಮೇಲೆ ಹಾಕಿಕೊಂಡು, ಶೇಂಗಾ ಉಂಡಿಯ ಡಬ್ಬಿ ಹಿಡಿದು, ಇಡೀ ಓಣಿಯನ್ನು ಸುತ್ತಿ ಮನೆಗೆ ಬರುತ್ತಿದ್ದಳು. ಹತ್ತಿರದ ದಾರಿ ಬಿಟ್ಟು ದೂರದ ದಾರಿಯಿಂದ. ಆ ಒಂದು ದಿನ ಆಕೆಯ ನಡಿಗೆಯೇ ಬೇರೆ. ಆ ಉಂಡಿಗಳಲ್ಲಿ ಬಡೇಸೋಪು ಹಾಕಿರುತ್ತಿದ್ದರು. ಕಲ್ಯಾಣದಲ್ಲಿ ಯಾರೂ ಹಾಕುವುದಿಲ್ಲ. "ನಮ್ಮ ತವರಿನ ಕೈ ಹಂಗ," ಅನ್ನುತ್ತಿದ್ದಳು.

ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಜಿಜಾಬಾಯಿಯ ತವರುಮನೆ ಎಂದು ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಉಣ್ಣಿ ಸಿದ್ರಾಮ ಅಂದದ್ದೇ ತಡ, ಒಬ್ಬ ಎಲೆ ಅಡಿಕೆಯವನು ಕೈ ಮಾಡಿ ತೋರಿಸಿದ.

ಬೇವಿನ ಗಿಡ ಇತ್ತು. ಸುತ್ತ ಕಲ್ಲಿನ ಕಟ್ಟೆ. ಎದುರಿಗೆ ದೊಡ್ಡ ಬಾಗಿಲಿನ ಮನೆ, ಪಡಸಾಲೆಯಲ್ಲಿ ಉಣ್ಣೆಯ ಮೂಟೆಗಳು. ಆಯಿ ಹೇಳಿದ್ದೆಲ್ಲ ಹಾಗೇ ಇತ್ತು. ಪಂಡರಿಗೆ ಎದೆ ತುಂಬಿ ಬಂತು: ನೋಡು ದೊಡ್ಡಪ್ಪಾ, ಕಣ್ಣು ತೆರೆದು ನೋಡು!

ಹೊರಸಿನ ಮೇಲೆ ದಪ್ಪ ಗಾಜಿನ ಚಾಳೀಸು ಹಾಕಿದ ಮುದುಕ ಕುಳಿತಿದ್ದ. ಬಿಳಿ ಪಟಕಾ ಸುತ್ತಿದ ತಲೆ. ಕಾಲು ಎರಡೂ ಗಟ್ಟಿಯಾಗಿದ್ದವು. ಪಂಡರಿ ಮೊದಲು ನೋಡಿದ್ದೇ ಅದನ್ನು.

"ಶರಣ್ರಿ ಮುತ್ಯಾ. ನಾ ಬಸವಕಲ್ಯಾಣದಾಂವ. ದೇವಿಂದ್ರಪ್ಪನ ಮೊಮ್ಮಗ."

ಮುದುಕ ಚಾಳೀಸು ತೆಗೆದು ಧೋತರದ ಅಂಚಿಗೆ ಒರೆಸಿದ.

"ನಮ್ಮಾಯಿ ತೀರಿಕೊಂಡ್ಲು. ಇವತ್ತ ಮುಂಜಾನಿ. ನಿಮ್ಮ ತಂಗಿ."

"ನನಗ ತಂಗಿ ಇಲ್ಲ," ಎಂದ ಸಿದ್ರಾಮ. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಇಲ್ಲದ ಮಾಲು ಕೇಳಿದವರಿಗೆ ಹೇಳುವ ಹಾಗೆ. "ಸುಗಂಧಾ ಅಂತ ಒಬ್ಬಾಕಿ ಇದ್ಲು. ಐವತ್ತಾರನೇ ಇಸವ್ಯಾಗ ಸತ್ತಳಂತ ತಿಳದು ಆಕಿ ಹೆಸರಿಲೆ ನೀರು ಬಿಟ್ಟೀನಿ. ಹೆಂಡತಿ, ಮಕ್ಕಳು ಎಲ್ಲಾರೂ ತಲಿ ಮ್ಯಾಲ ನೀರ ಹಾಕ್ಕೊಂಡೀವಿ."

ಸುಗಂಧಾ ಎಂದರೆ ಆಯಿಯೇ ಎಂದು ಪಂಡರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮುದುಕನೇ ಹೇಳಿದ. ಸುಗಂಧಾಳನ್ನು ರಾಜೇಶ್ವರಕ್ಕೆ ಕೊಟ್ಟಿದ್ದರು. ಗಂಡ ಸತ್ತ. ಮೈದುನನಿಗೇ ಉಡಕಿ ಮಾಡಿಕೊಡುತ್ತೇನೆಂದು ಸಿದ್ರಾಮ ಪಂಚರ ಮುಂದೆ ಮಾತು ಕೊಟ್ಟ. ಆ ಮೈದುನ ಗಂಡ ಇರುವಾಗಲೇ ತನ್ನ ಮೈಮೇಲೆ ಕೈ ಹಾಕಿದವನು, ಒಲ್ಲೆ ಎಂದು ಆಕೆ ಅತ್ತಳು. ಮಾತು ಕೊಟ್ಟಾಗಿದೆ ಎಂದು ಇವನು. ಒಂದು ಸಂತೆಯ ದಿನ, ಎರಡು ವರ್ಷದಿಂದ ಇವನಲ್ಲಿ ಉಣ್ಣೆ ಕೊಳ್ಳಲು ಬರುತ್ತಿದ್ದ ಕಲ್ಯಾಣದ ಕಂಬಳಿಯವನ ಜೊತೆ ಆಕೆ ಹೋಗಿಬಿಟ್ಟಳು.

"ರಾಜೇಶ್ವರದವರು ಬಂದು ಎಲ್ಲಾರ ಎದುರಿಗೆ ನನ್ನ ಪಟಕಾ ಬಿಚ್ಚಿಸಿದ್ರು. ಬೋಳ ತಲೀಲೆ ನಿಲ್ಲಿಸಿದ್ರು. ಬೀರದೇವರ ಮ್ಯಾಲ ಆಣಿ ಹಾಕೀನಿ, ಆಕಿ ಮುಖಾ ನೋಡಂಗಿಲ್ಲಂತ."

"ಮತ್ತ ವರ್ಷಾ ಪಂಚಮಿಗೆ ಬರ್ತಿದ್ದಳಲ್ರೀ? ನೀವ ಸೀರಿ ಕೊಡ್ತಿದ್ರಿ..."

"ಬರ್ತಿದ್ಲು." ಮುದುಕ ಬೇವಿನ ಕಟ್ಟೆಯ ಕಡೆ ಗದ್ದ ಎತ್ತಿದ. "ಅಲ್ಲಿ ಕುಂದರ್ತಿದ್ಲು. ಮುಂಜಾನಿಂದ ಸಂಜೀತನಾ. ನಾ ಕದಾ ಹಾಕ್ಕೋತಿದ್ದೆ."

"ಮೂವತ್ತ ವರ್ಷ?"

"ಹೂಂ."

"ಒಂದ ಸಲಾನೂ ತಗೀಲಿಲ್ಲೇನು ಕದಾ?"

"ಒಮ್ಮೆ ತಗದಿದ್ದೆ. ನನ್ನ ಹೆಂಡತಿ ಸತ್ತ ವರ್ಷ. ಆಕಿ ಎದ್ದು ನಿಂತ್ಲು." ಮುದುಕ ಚಾಳೀಸು ಹಾಕಿಕೊಂಡ. "ಮತ್ತ ಹಾಕಿದೆ."

ಪಂಡರಿಯ ಬಾಯಿಂದ ಬಂದದ್ದನ್ನೆಲ್ಲ ಬರೆಯುವಂತಿಲ್ಲ. ಒಳಗಿನಿಂದ ಮೊಮ್ಮಕ್ಕಳು ಬಂದರು, ಸೊಸೆ ಬಂದಳು, ಮಗನೊಬ್ಬ ಕುತ್ತಿಗೆಯ ಹಿಂದೆ ಕೈ ಹಾಕಿ ಪಂಡರಿಯನ್ನು ಮೆಟ್ಟಿಲಿಂದ ಇಳಿಸಿದ. ಒಂದು ಸೀರೆ ಕೊಡ್ರಿ, ಹರಕಾದರೂ ನಡೀತದ, ಎಂದು ಕಡೆಗೆ ಪಂಡರಿ ಕೈ ಮುಗಿದ. ಜೀವಮಾನದಲ್ಲಿ ಯಾರಿಗೂ ಕೈ ಮುಗಿಯದವನು. ಬಾಗಿಲು ಹಾಕಿಕೊಂಡಿತು.

ಕಟ್ಟೆಯ ಮೇಲೆ ಕುಳಿತ. ಕಲ್ಲು ಒಂದು ಕಡೆ ನುಣ್ಣಗಾಗಿತ್ತು. ಮುಗಿಲು ಮಂಕಾಗಿ ಗಂಟೆ ಎಷ್ಟೆಂದು ತಿಳಿಯದು. ಅಲ್ಲಿಂದ ನೋಡಿದರೆ ಆ ದೊಡ್ಡ ಬಾಗಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಅರೇ ಬೇಟಾ, ಕಲ್ಯಾಣದಿಂದ ಬಂದೀಯೇನು? ಪಂಡರಿ ನೀನೇನಾ?"

ಪಕ್ಕದ ಸಣ್ಣ ಅರಿವೆ ಅಂಗಡಿಯಿಂದ ಒಬ್ಬ ಮುದುಕಿ ತಲೆಗೆ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. ತಾನು ರಾಬಿಯಾ, ಈ ಅಂಗಡಿ ತನ್ನ ಗಂಡ ಸೈಫುದ್ದೀನನದು ಎಂದಳು. ಸೈಫುದ್ದೀನ್ ಅಂಗಡಿಯೊಳಗಿಂದಲೇ ಅರಿವೆ ಅಳೆಯುವ ಗಜ ಹಿಡಿದ ಕೈಯನ್ನು ಹಣೆಗೆ ಮುಟ್ಟಿಸಿದ.

"ನನ್ನ ಹೆಸರ ಹ್ಯಾಂಗ ಗೊತ್ತು ಖಾಲಾ?"

"ಹ್ಯಾಂಗ ಗೊತ್ತಂತ! ಎಲ್ಲಾ ಗೊತ್ತದ. ನೀ ಆಡಿನ ಹಾಲ ಕುಡದಿದ್ದು, ಪಾಟಿ ಒಡದಿದ್ದು, ಸಿಟ್ಟ ಬಂದ್ರ ಮೂಗಿನ ತುದಿ ಕೆಂಪಾಗೂದು... ಈಗೂ ಆಗೇದ ನೋಡು." ನಗುತ್ತಿದ್ದವಳು ಅವನ ಮುಖ ನೋಡಿ ನಿಲ್ಲಿಸಿದಳು. "ಸುಗಂಧಾ ಹೋದ್ಲೇನು?"

ಪಂಡರಿ ಅತ್ತದ್ದು ಆಗ. ಹೆಣದ ಮುಂದೆ ಅತ್ತಿರಲಿಲ್ಲ.

ರಾಬಿಯಾ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಮೊದಲ ವರ್ಷ ಕಟ್ಟೆಯ ಮೇಲೆ ಕತ್ತಲಾಗುವವರೆಗೂ ಕುಳಿತ ಹೆಂಗಸನ್ನು ನೋಡಲಾರದೆ ಒಳಗೆ ಕರೆದಿದ್ದಳಂತೆ. ಅವತ್ತು ಇಲ್ಲೇ ಮಲಗಿದಳು. ಮರುದಿನ ಎದ್ದವಳೇ, ತಾನು ಮಾರಲು ತಂದ ಎರಡು ಕಂಬಳಿಯ ರೊಕ್ಕ ಎಣಿಸಿ, ನನಗೊಂದು ಸೀರಿ ಕೊಡ್ರಿ ಅಂದಳು.

"ನಾ ಅಂದೆ, ಯಾಕವಾ, ಹಬ್ಬ ನಿನ್ನೇನೇ ಮುಗೀತಲ್ಲ? ಅದಕ್ಕ ಆಕಿ, ಬರಿಗೈಲೆ ಹೋದ್ರ ನನ್ನ ಓಣ್ಯಾಗ ನಿಂದ್ರಸಂಗಿಲ್ಲ ಅಂದ್ಲು. ಅಣ್ಣ ಕೊಟ್ಟ ಅಂತ ಹೇಳಬೇಕು ಅಂದ್ಲು. ಆವಾಗಿಂದ ವರ್ಷಾ. ತಾನೇ ಆರಸ್ತಿದ್ಲು, ತಾನೇ ಕಿರಿಕಿರಿ ಮಾಡ್ತಿದ್ಲು. ನಮ್ಮಣ್ಣ ಇಷ್ಟ ತಿಳಿ ಬಣ್ಣ ತರಂಗಿಲ್ಲ, ಆತಗ ದಟ್ಟ ಬಣ್ಣ ಅಂದ್ರ ಜೀವ ಅಂತಿದ್ಲು. ನಮ್ಮ ಸಾಹೇಬರು ನಗ್ತಿದ್ರು: ಈ ಅಣ್ಣನ ತಕರಾರ ಭಾಳದ ಅಂತ."

"ಮತ್ತ ಉಂಡಿ?"

"ನಾನಾ ಕಟ್ತಿದ್ದೆ! ಮುಸಲ್ಮಾನ ಹೆಣಮಗಳು ಪಂಚಮಿ ಉಂಡಿ ಕಟ್ಟೂದು ಕಲ್ತೆ ನೋಡು. ಬಡೇಸೋಪ ಹಾಕಬ್ಯಾಡ ಅಂತ ಆಕಿ, ಹಾಕ್ತೀನಿ ಅಂತ ನಾನು."

ಆಮೇಲೆ ಆಕೆ ಮೇಲಿನ ಹಲಗೆಯಿಂದ ಕಾಗದದ ಪೊಟ್ಟಣವೊಂದನ್ನು ಇಳಿಸಿದಳು. ಒಳಗೆ ಬೂದಿ ಬಣ್ಣದ ಇಳಕಲ್ ಸೀರೆ, ದಟ್ಟ ಕೆಂಪು ಸೆರಗು. ದೇವಿಂದ್ರಪ್ಪ ತೀರಿದ ಮೇಲೆ ಆಯಿ ಹಸಿರು ಬಿಟ್ಟು ಬೂದಿಗೆ ಬಂದಿದ್ದಳು.

"ತಿಂಗಳ ಹಿಂದ ಬಂದಿದ್ಲು. ಭಾಳ ಕೆಮ್ಮಾಕತ್ತಿದ್ಲು. ಆರಿಸಿ, ರೊಕ್ಕಾ ಕೊಟ್ಟು, ಇಲ್ಲೇ ಇಟ್ಟ ಹೋದ್ಲು. ಈಗಾ ಒಯ್ಯವಾ, ಮತ್ತ ಎಲ್ಲಿ ಬರ್ತೀ ಅಂದೆ. ಪಂಚಮಿಗೆ ಮುಂಚೆ ಯಾವ ಅಣ್ಣ ಸೀರಿ ಕೊಡ್ತಾನ, ಜನಾ ನಗ್ತಾರ ಅಂದ್ಲು."

ಪಂಡರಿ ಪೊಟ್ಟಣವನ್ನು ಅಂಗಿಯೊಳಗೆ ಇಟ್ಟುಕೊಂಡ. ರಾಬಿಯಾ ಅದರ ಜೊತೆ ಒಂದು ಅರಿಷಿಣದ ಕೊಂಬು, ಒಂದು ಕೊಬ್ಬರಿ ಬಟ್ಟಲು ಇಟ್ಟಳು. ತವರಿನ ಸೀರೆಯ ಜೊತೆ ಇದು ಇರಬೇಕೆಂದು ಆಕೆಗೆ ಕಲಿಸಿದವಳು ಯಾರೆಂದು ಕೇಳಬೇಕಾಗಿರಲಿಲ್ಲ.

"ಎಲ್ಲಾರ ಎದುರಿಗೂ ಹೇಳ್ತೀನಿ ಖಾಲಾ," ಎಂದ ಹೊರಡುವಾಗ. "ಆ ಮುದುಕನ ಮಾನ ಹರಾಜ ಹಾಕ್ತೀನಿ. ನಿಮ್ಮ ಹೆಸರ ಕೂಗಿ ಸೀರಿ ಹೊದಸ್ತೀನಿ. ಯಾವ ಮಗ ಅಡ್ಡ ಬರ್ತಾನ ನೋಡ್ತೀನಿ."

ರಾಬಿಯಾ ಅವನ ಮುಖವನ್ನು ಎರಡೂ ಕೈಯಲ್ಲಿ ಸವರಿ ಬೆರಳು ಮುರಿದಳು.

ಬಸ್ಸು ರಾಜೇಶ್ವರದಲ್ಲಿ ಬಹಳ ಹೊತ್ತು ನಿಂತಿತು. ಯಾರೋ ಮೇಕೆಗಳನ್ನು ಹತ್ತಿಸುತ್ತಿದ್ದರು, ಕಂಡಕ್ಟರ್ ಒಲ್ಲೆ ಅನ್ನುತ್ತಿದ್ದ. ಪಂಡರಿ ಹೊರಗೆ ನೋಡಿದ. ಆಯಿ ವರ್ಷಕ್ಕೆರಡು ಸಲ ಈ ಊರಿನ ಮುಂದೆಯೇ ಹಾಯಬೇಕಿತ್ತು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಸೆರಗು ಮುಖಕ್ಕೆ ಎಳೆದುಕೊಂಡು, ಬಸ್ಸು ಬೇಗ ಬಿಡಲಿ ಎಂದು ಬೀರದೇವರನ್ನು ನೆನೆಯುತ್ತ ಕುಳಿತಿರುತ್ತಿದ್ದಳೇನೋ. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ತಾನಾದರೂ ಇರಬಹುದಿತ್ತು, ಅಷ್ಟು ಅಂಗಲಾಚಿದರೂ ಕರೆದೊಯ್ಯಲಿಲ್ಲ. ಯಾಕೆಂದು ಈಗ ತಿಳಿದದ್ದಕ್ಕೆ ಅವನಿಗೆ ಆಕೆಯ ಮೇಲೂ ಸಿಟ್ಟು ಬಂತು.

ಅಂಗಳಕ್ಕೆ ಬಂದಾಗ ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು. ಹೇಳಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಹೊಂದಿಸಿಕೊಂಡಿದ್ದ. ಆದರೆ ಬಾಗಿಲು ದಾಟಿದವನು ಅಲ್ಲೇ ನಿಂತ.

ಜಿಜಾಬಾಯಿಯ ಟ್ರಂಕು ಪಡಸಾಲೆಗೆ ಬಂದಿತ್ತು. ಹಳೆಯ ಅರಿವೆ ಬೇಕೆಂದು ದೊಡ್ಡವ್ವ ಮೀರಾಬಾಯಿ ಅದನ್ನು ತೆರೆದಿದ್ದಳಂತೆ. ಈಗ ಗೋಡೆಯುದ್ದಕ್ಕೂ ಸೀರೆಗಳು. ಹಸಿರು, ಕೆಂಪು, ನೇರಳೆ, ಆಮೇಲೆ ಬೂದಿ, ಕಂದು. ಹೆಚ್ಚಿನವು ಮಡಿಕೆ ಬಿಚ್ಚಿರಲಿಲ್ಲ. ಓಣಿಯ ಹೆಂಗಸರು ಒಂದೊಂದನ್ನೇ ಎತ್ತಿ ನೋಡುತ್ತಿದ್ದರು.

"ಇದು ನನ್ನ ಗಯಾ ಹುಟ್ಟಿದ ವರ್ಷದ್ದು. ಹೆಗಲ ಮ್ಯಾಲ ಹಾಕ್ಕೊಂಡು ನಮ್ಮ ಬಾಗಲಾ ಮುಂದ ಹಾದು ಹೋಗಿದ್ಲು, ಕಣ್ಣಾಗ ಕಟ್ಟಿದಂಗದ."

"ನಂಗ ಹೊಟ್ಟಿ ಉರೀತಿತ್ತವಾ, ಸುಳ್ಳ ಯಾಕ ಹೇಳ್ಲಿ. ನಮ್ಮಣ್ಣ ಎರಡ ವರ್ಷಕ್ಕೊಮ್ಮೆ ಕುಬಸದ ಕಣ ಕೊಟ್ಟರ ಭಾಳ."

"ಹಿಂಗ ಕೊಟ್ಟ ತವರಿಗೆ ಇಲ್ಲ ಅಂತಾನಂತ ಈ ಮಾಳಪ್ಪ! ನಾಲಗಿಗೆ ಎಲುಬಿಲ್ಲ."

ಮಾಳಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಮುಂಜಾನೆಯ ಬಿರುಸು ಅವನ ಮುಖದಲ್ಲಿ ಇರಲಿಲ್ಲ. ಹೆಂಗಸರ ಬಾಯಿಗೆ ಇಡೀ ಮಧ್ಯಾಹ್ನ ಸಿಕ್ಕಿದ್ದ.

"ಬಂದೀಯಾ?" ರೇವಣಪ್ಪ ಎದ್ದ. "ಸೀರಿ?"

ಪಂಡರಿ ಪೊಟ್ಟಣ ಬಿಚ್ಚಿದ. ಅರಿಷಿಣದ ಕೊಂಬನ್ನೂ ಕೊಬ್ಬರಿ ಬಟ್ಟಲನ್ನೂ ನೋಡಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತವರವರು ಯಾರೂ ಬರಲಿಲ್ಲೇನು?" ಮಾಳಪ್ಪ ಕುಳಿತಲ್ಲಿಂದಲೇ ಕೇಳಿದ.

"ಅವರ ಕೈಯಾಗ ನಿನ್ನ ಹಂಗ ಖಾಲಿ ಕುಂದರೂ ಹೊತ್ತಿಲ್ಲ," ಎಂದಳು ಮೀರಾಬಾಯಿ ಗಂಡನಿಗೆ. ಒಂದಿಬ್ಬರು ನಕ್ಕರು.

ರೇವಣಪ್ಪ ಕೋಲು ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಕಳಿಸಿದ ಕೈಯಾದ್ರೂ ನಡೀತದ. ಹೊದಸು. ಕೊಟ್ಟವರ ಹೆಸರ ಕೂಗಿ ಹೊದಸು, ನಾಲ್ಕ ಮಂದಿಗೆ ಕೇಳಲಿ."

ಪಂಡರಿ ಆಯಿಯ ಮುಂದೆ ನಿಂತ. ರಾಬಿಯಾ ಎಂದು ಕೂಗಬೇಕು. ಆಮೇಲೆ ಬೇವಿನ ಕಟ್ಟೆ, ಆಮೇಲೆ ಹಾಕಿಕೊಂಡ ಬಾಗಿಲು. ಹೇಳಿದರೆ ಈ ಗೋಡೆಯುದ್ದಕ್ಕೂ ಹರಡಿದ ಒಂದೊಂದು ಸೀರೆಯೂ ಈ ಹೆಂಗಸರ ಕೈಯಲ್ಲೇ ಬಣ್ಣ ಕಳೆದುಕೊಳ್ಳುತ್ತದೆ. ನಾಳೆ ನೀರಿನ ಹತ್ತಿರ ಇವರೇ ಮಾತಾಡುತ್ತಾರೆ: ತಾನೇ ಕೊಂಡಿದ್ಲಂತ, ತಾನೇ. ಹೇಳದಿದ್ದರೆ ಆ ಮುದುಕ ದೊಡ್ಡವನಾಗುತ್ತಾನೆ. ಒಂದು ಹರಕು ಅರಿವೆಯನ್ನೂ ಕೊಡದವನು.

ಅವನ ಮೂಗಿನ ತುದಿ ಕೆಂಪಾಯಿತು.

"ಹುಮನಾಬಾದಿನ ಸಿದ್ರಾಮ," ಎಂದು ಕೂಗಿದ. ದನಿ ಅವನದಲ್ಲದ ಹಾಗೆ ಬಂತು. "ತಂಗಿ ಜಿಜಾಬಾಯಿಗೆ ಕೊಟ್ಟ ತವರ ಸೀರಿ."

ಬೂದಿ ಬಣ್ಣದ ಸೀರೆಯನ್ನು ಆಯಿಯ ಹೆಗಲ ಮೇಲಿಂದ ಹೊದಿಸಿದ. ಹೆಂಗಸರು ಒಮ್ಮೆಲೇ ಅಳಲು ಹತ್ತಿದರು. "ಎಂಥಾ ಅಣ್ಣನ್ನ ಪಡದಿದ್ಯವಾ ಜಿಜಾಬಾಯಿ" ಎಂದು ಒಬ್ಬಳು ರಾಗ ತೆಗೆದಳು. "ಕಡೀಗೂ ಕೈ ಬಿಡಲಿಲ್ಲ" ಎಂದು ಇನ್ನೊಬ್ಬಳು. ಪಂಡರಿ ಹಲ್ಲು ಕಚ್ಚಿಕೊಂಡು ಅಷ್ಟನ್ನೂ ಕೇಳಿದ. ಹೆಣ ಎತ್ತುವಾಗಲೂ ಕೇಳಿದ, ಹೊಲದ ದಾರಿಯುದ್ದಕ್ಕೂ ಕೇಳಿದ. ಗಂಡಸರೂ ಅದನ್ನೇ ಹೇಳುತ್ತ ನಡೆದರು: ಈಗಿನ ಕಾಲದಾಗ ಅಂಥಾ ಅಣ್ಣ ಎಲ್ಲಿ ಸಿಗ್ತಾನ.

ದೇವಿಂದ್ರಪ್ಪನ ಬಲಕ್ಕೆ ತೋಡಿದ ಕುಣಿಯಲ್ಲಿ ನೀರು ಜಿನುಗಿತ್ತು. ಪಂಡರಿ ಇಳಿದು ಅರಿವೆಯಿಂದ ಅದನ್ನು ಒರೆಸಿ ತೆಗೆದ. ಮೊದಲ ಹಿಡಿ ಮಣ್ಣನ್ನು ಮಾಳಪ್ಪ ಹಾಕಿದ. ಹಾಕುವಾಗ ಏನೋ ಅಂದ. ಹತ್ತಿರ ಇದ್ದವರಿಗೂ ಅವ್ವಾ ಅಂದನೋ ಇನ್ನೇನೋ ಕೇಳಲಿಲ್ಲ.

ಎಲ್ಲರೂ ಬಾವಿಯ ದಂಡೆಗೆ ಕೈಕಾಲು ತೊಳೆಯಲು ಹೋದರು. ಪಂಡರಿ ಬದುವಿನ ಮೇಲೆ ಒಬ್ಬನೇ ನಿಂತಿದ್ದ. ಮಾಳಪ್ಪ ಅವನ ಹಿಂದೆ ಬಂದು ಕೆಮ್ಮಿದ.

"ಪಂಡರೀ."

ಪಂಡರಿ ತಿರುಗಿದ. ದೊಡ್ಡಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಹನಿ ಅವನ ನರೆತ ಕೂದಲ ಮೇಲೆ ಬೀಳುತ್ತಿತ್ತು.

"ಮುಂಜಾನಿ ನಾ ಅನ್ನಬಾರದ್ದ ಅಂದೆ. ನಾಲ್ಕ ಮಂದ್ಯಾಗ ಅಂದೆ. ನೀ ಸಣ್ಣಾಂವ, ನಿನ್ನ ಕಾಲಿಗೆ ಹ್ಯಾಂಗ ಬೀಳ್ಲಿ?" ರುಮಾಲನ್ನು ಹಿಂಡಿದ. "ಇನ್ನ ಹತ್ತ ದಿನಕ್ಕ ಪಂಚಮಿ. ನಾನೂ ನೀನೂ ಕೂಡಿ ಹುಮನಾಬಾದಕ್ಕ ಹೋಗೂಣು. ಆ ಮುತ್ಯಾನ ಕಾಲಿಗರ ಬಿದ್ದ ಬರ್ತೀನಿ. ಅಂಥಾ ಮನಶ್ಯಾಗ ಇಷ್ಟ ವರ್ಷ ಬೈಕೋತ ಕುಂತೆ. ಮನಿ ಯಾವ ಕಡೆಗೆ ಬರ್ತದ? ಬಸ್ ಸ್ಟ್ಯಾಂಡಿಂದ ದೂರದೇನು?"

ಮನೆ ತೋರಿಸಿದರೆ ಹಾಕಿಕೊಂಡ ಬಾಗಿಲನ್ನೂ ತೋರಿಸಬೇಕು ಎಂದು ಪಂಡರಿಗೆ ಹೊಳೆಯಿತು. ಆಮೇಲೆ ಬದುವಿನಿಂದ ಇಳಿದು, ಕೆಸರಿನಲ್ಲಿ ಕಾಲು ಹುಗಿಯುತ್ತ, ಹೆದ್ದಾರಿಯ ಕಡೆಗೆ ನಡೆಯತೊಡಗಿದ.

"ಏ ಪಂಡರೀ, ನಿನ್ನಾ ಕೇಳಾಕತ್ತೀನಿ! ಮನಿ ಎಲ್ಲದ?"

ಅವನು ನಡೆಯುತ್ತಲೇ ಹೋದ.